ಪರದೆಯ ಹಿಂದಿನ ಪ್ರೊಫೆಸರು

ಹಾಡ್ತಾ ಹಾಡ್ತಾ ರಾಗ, ನಟಿಸ್ತಾ ನಟಿಸ್ತಾ ರೋಗ. ನಗಬೇಡಿ, ಇದು ನಿಜವಾಗಿ ನಡೆದ ಸಂಗತಿ.

ಫ್ಯಾಮಿಲಿ ಮೆಡಿಸಿನ್ ಕಲಿಯಲು ಬಂದ ಹೊಸ ಡಾಕ್ಟರು ಶಾಂಭವಿಗೆ ಅಂದು ಪರೀಕ್ಷೆ. ಕಾಯಿಲೆ ನಟಿಸಲು ಬರುವ ನಟನನ್ನು ಅವಳು ತಪಾಸಣೆ ಮಾಡಬೇಕು. ಪ್ರೊಫೆಸರು ಪರದೆಯ ಹಿಂದೆ ಕೂತು ಕೇಳುತ್ತಾರೆ. ಪಾಸಾದರಷ್ಟೇ ನಿಜವಾದ ರೋಗಿಗಳನ್ನು ಮುಟ್ಟುವ ಭಾಗ್ಯ.

ಪರದೆಯ ಹಿಂದಿನ ಕುರ್ಚಿ ಖಾಲಿಯಿರುವುದು ಸೀನಿಯರ್ ತಿಪ್ಪೇಶನ ಕಣ್ಣಿಗೆ ಬಿತ್ತು. ಮಿಮಿಕ್ರಿಯಲ್ಲಿ ಗಂಟಲು ಪಳಗಿದವನು ಬಿಡುತ್ತಾನೆಯೇ? ನುಸುಳಿ ಕೂತ.

ಮಂಕಿಕ್ಯಾಪು, ಮಫ್ಲರು ಸುತ್ತಿಕೊಂಡ ರೋಗಿ ಕೆಮ್ಮುತ್ತಾ ಬಂದ. ಶಾಂಭವಿ ಅವನ ನಾಡಿ ಹಿಡಿದು, ಕೆಮ್ಮು ಎಷ್ಟು ದಿನದ್ದು ಎಂದು ಕೇಳಿದಳು.

"ಏನಮ್ಮಾ, ಕೆಮ್ಮು ಎಷ್ಟು ದಿನದ್ದು ಅಂತ ನೀನು ಕೇಳಿದೆ, ಸರಿ. ಮನೇಲಿ ಒಲೆ ಹೊಗೆ ಇದೆಯಾ ಅಂತ ಯಾರು ಕೇಳ್ತಾರೆ, ನಿಮ್ಮಜ್ಜಿನಾ?" ಪರದೆಯಿಂದ ಥೇಟ್ ಪ್ರೊಫೆಸರ ಗೊಗ್ಗರು ದನಿ.

"ಸಾರಿ ಸರ್!"

"ನಾಲಗೆ ನೋಡು. ಅವರಿಗೆ ಸಂಕೋಚ ಆಗಬಾರದು, ಮೊದಲು ನೀನು ಚಾಚು. ಇನ್ನೂ ಉದ್ದ!"

ರೋಗಿಯ ನಾಡಿ ಹಿಡಿದುಕೊಂಡೇ ಶಾಂಭವಿ ಚಾಚಿದಳು. ತಿಪ್ಪೇಶ ಬಾಯಿಗೆ ಕರವಸ್ತ್ರ ತುರುಕಿಕೊಂಡ.

ರೋಗಿ ಮಂಕಿಕ್ಯಾಪು ತೆಗೆದು ಅದೇ ಗೊಗ್ಗರು ದನಿಯಲ್ಲಿ ಹೇಳಿದ: "ನಟ ಕೈಕೊಟ್ಟ, ನಾನೇ ಬಂದೆ. ಏನೇ ಆದ್ರೂ ನಾಡಿ ಬಿಡಲಿಲ್ಲ, ನೀನು ಪಾಸು ಕಣಮ್ಮಾ. ಈಗ ಪರದೆ ಹಿಂದಿರೋ ನಾನು ಸ್ವಲ್ಪ ಹೊರಗೆ ಬರ್ತೀನಾ?"

ತಿಪ್ಪೇಶ ತಲೆ ತಗ್ಗಿಸಿ ಬಂದ. ಮೂವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು, ನಾಲಗೆಯನ್ನು ಇನ್ನೂ ಒಳಗೆಳೆದುಕೊಳ್ಳದ ಶಾಂಭವಿ.