ಕಟ್ಟದ ಮನೆ

"ಅಲ್ಲಿ ಕಾಲಿಡಬೇಡಿ, ಅದು ದೇವರ ಮನೆ," ಎಂದಳು ಸೀತಮ್ಮ. ಸೈಟು ಕೊಳ್ಳಲು ಬಂದಿದ್ದ ಬೈರಣ್ಣ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟ. ಊರಿನ ಸೈಟು ಹಂಚುವ ಟ್ರಸ್ಟ್ ಬೋರ್ಡಿನವರು ಜಯನಗರದಲ್ಲಿ ಕೊಟ್ಟ ಆ ಜಾಗದಲ್ಲಿ ಗೋಡೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಭಾನುವಾರದ ಸಂಜೆಗಳಲ್ಲಿ ಬಂದು ಸೀತಮ್ಮ ಕಲ್ಲು ಜೋಡಿಸಿ ಗುರುತು ಮಾಡಿದ್ದ ಕೋಣೆಗಳಷ್ಟೇ ಇದ್ದವು.

ಗಂಡ ರಾಮಪ್ರಸಾದ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ಮಗಳು ಪದ್ಮಿನಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಅಷ್ಟು ವರ್ಷದ ಓದಿಗೆ ಗುಮಾಸ್ತನ ಸಂಬಳ ಎಲ್ಲಿ ಸಾಕು? ಸೈಟು ಮಾರೋಣ ಎಂದು ಮೊದಲು ಬಾಯಿಬಿಟ್ಟವಳು ಸೀತಮ್ಮನೇ. ಅವತ್ತು ಅಳು ಬರಬಹುದು ಅಂದುಕೊಂಡಿದ್ದಳು, ಬರಲಿಲ್ಲ. ಇವತ್ತೂ ಬರಲಿಲ್ಲ.

"ಅಮ್ಮ, ನಂಗೆ ಡಾಕ್ಟರ್ ಓದು ಬೇಡ," ಎಂದಳು ಪಕ್ಕದಲ್ಲೇ ನಿಂತಿದ್ದ ಪದ್ಮಿನಿ ಮೆಲ್ಲಗೆ. "ಬಿಎಸ್ಸಿ ಸೇರ್ಕೋತೀನಿ. ನೀವು ಮನೆ ಕಟ್ಟಿಸ್ಕೊಳ್ಳಿ." ಬೈರಣ್ಣ ಅದನ್ನು ಕೇಳಿಸಿಕೊಂಡ. ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟು, "ನೀವು ಹೇಳೋಗಂಟ ನಾನು ಒಳೀಕ್ ಬರಾಕಿಲ್ಲ ತಾಯಿ. ಯೋಚ್ನೆ ಮಾಡಿ," ಎಂದ.

ಸೀತಮ್ಮ ಯೋಚನೆ ಮಾಡಲಿಲ್ಲ. ಮಗಳ ಕೈ ಹಿಡಿದು, ಚಪ್ಪಲಿ ಕಾಲಲ್ಲೇ ಕಲ್ಲಿನ ಸಾಲು ದಾಟಿ ದೇವರ ಮನೆಯ ನಟ್ಟನಡುವೆ ಹೋಗಿ ನಿಂತಳು. ಏನಾದರೂ ಅನ್ನಿಸೀತೇನೋ ಎಂದು ಒಂದು ಕ್ಷಣ ಕಾದಳು. ಏನೂ ಅನ್ನಿಸಲಿಲ್ಲ.

"ಚಪ್ಪಲಿ ಹಾಕ್ಕೊಂಡೇ ಬನ್ನಿ ಬೈರಣ್ಣ," ಎಂದಳು. "ಇದು ಬರೀ ಮಣ್ಣು."