ಅತ್ತೆಯ ತಂತಿ

ಅತ್ತೆ ತಮ್ಮ ಧ್ವನಿಯನ್ನು ನನ್ನ ಮಗಳು ಇಂಚರಳ ಗಿಟಾರಿಗೆ ಕೊಟ್ಟು ಎರಡು ತಿಂಗಳಾಯಿತು. ಗಿಟಾರ್ ಅಂಗಡಿಯವರು ಅವರ ಗಂಟಲಿನಿಂದ ಅದನ್ನು ತಂತಿಯಾಗಿ ತೆಗೆದುಕೊಟ್ಟರು. ಈಗ ಏನಾದರೂ ಬೇಕಾದರೆ ಅತ್ತೆ ಲೋಟ ಕುಟ್ಟುತ್ತಾರೆ. ಇಂಚರ ಆ ತಂತಿ ಮೀಟಿದಾಗ ಮಾತ್ರ ಅವರ ಧ್ವನಿ ಮನೆ ತುಂಬುತ್ತದೆ. ಆಗ ಅವರು ನಗುತ್ತಾರೆ.

ಈ ಬೆಳಿಗ್ಗೆ ನಾನೂ ಅತ್ತೆಯೂ ಅವರೆಕಾಳು ಹಿಸುಕುತ್ತಿದ್ದೆವು. ಗಿಟಾರ್ ಮೇಷ್ಟ್ರು ಪಾಠಕ್ಕೆ ಬಂದಿದ್ದರು.

"ಬೆರಳೇನೋ ಚುರುಕಾಗಿದೆ ಕಣಮ್ಮ. ಆದ್ರೆ ಅಜ್ಜಿಗೆ ನೋವಾಗುತ್ತೇನೋ ಅನ್ನೋ ಹಾಗೆ ತಂತಿ ಎಳೀತೀಯ. ದೊಡ್ಡ ರಾಕ್ ಗಿಟಾರಿಸ್ಟ್‌ಗಳು ಹಾಗೆ ಹೆದರಲ್ಲ."

"ತುಂಡಾದ್ರೆ, ಸರ್?"

"ಇನ್ನೊಂದು ಹಾಕ್ಕೋತಾರೆ."

ಇಂಚರ ಅಜ್ಜಿಯ ಕಡೆ ನೋಡಿದಳು. ಎಳಿ ಎಂಬಂತೆ ಅತ್ತೆ ತಲೆಯಾಡಿಸಿದರು. ಅವಳು ಎಳೆದಳು. ಅತ್ತೆಯ ಧ್ವನಿ ಏರುತ್ತಾ ಏರುತ್ತಾ, ಎಂದೂ ಕೇಳದಷ್ಟು ಚೆಂದವಾಗಿ, ಟಪ್ಪೆಂದು ಕಡಿದುಹೋಯಿತು. ಇನ್ನು ಆ ಧ್ವನಿ ಎಲ್ಲೂ ಇಲ್ಲ.

"ಇದೇ ನೋಡು ನಂಗೆ ಬೇಕಾಗಿದ್ದು!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಮಗಳು ಅಳುತ್ತಾಳೆಂದು ನಾನು ಕೈ ಒರೆಸಿಕೊಂಡು ಎದ್ದೆ. ಅವಳು ಅಳಲಿಲ್ಲ. ತುಂಡು ತಂತಿಯನ್ನು ಬಿಚ್ಚಿ ಅವರೆಸಿಪ್ಪೆಯ ತಟ್ಟೆಗೆ ಹಾಕಿದಳು.

"ನಂದು ತಗೋ ಕಂದಾ. ಸಾಯಂಕಾಲ ಅಂಗಡಿಗೆ ಹೋಗೋಣ."

"ಬೇಡಮ್ಮ, ನಿಂದು ಒಡಕು. ನಮ್ಮನ್ನ ಕೂಗಿ ಕೂಗಿ ಹಾಗಾಗಿದೆ" ಎಂದು ನಕ್ಕಳು.

ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಅವಳ ತಂಗಿ ಎದ್ದು, ಹೋದ ವಾರವಷ್ಟೇ ಕಲಿತ ಮಾತಿನಿಂದ ಕರೆದಳು: "ಅಕ್ಕಾ!"

ಇಂಚರ ಶ್ರುತಿ ನೋಡುವಾಗಿನಂತೆ ತಲೆ ಓರೆ ಮಾಡಿ ಆಲಿಸಿದಳು.

"ಅಮ್ಮ, ಪುಟ್ಟಿದು ಎಷ್ಟು ಹೊಸದಾಗಿದೆ ಅಲ್ವಾ?"

ನಾನು ಮಗುವನ್ನು ಎತ್ತಿಕೊಂಡು, ಮೆಲ್ಲಗೆ ಅದರ ಬಾಯಿ ಮುಚ್ಚಿದೆ.