ತೌಡಿನ ಪಾಲು

ಗಾಳಿಬೀಡಿನ ಹೊಸ ಅಕ್ಕಿ ಗಿರಣಿಗೆ ಮೊದಲ ಭತ್ತವನ್ನು ಸುರಿದು ಇನ್ನೂ ಅರೆಗಳಿಗೆಯಾಗಿರಲಿಲ್ಲ. ಲಿಂಗಿ ಬಂದು, ತೌಡು ಬೀಳುವ ಕಿಂಡಿಯ ಮುಂದೆ ತನ್ನ ಬಿದಿರ ಬುಟ್ಟಿಯನ್ನಿಟ್ಟು ಕುಳಿತುಬಿಟ್ಟಳು. ಯಾರನ್ನೂ ಕೇಳಲಿಲ್ಲ. ಉಮಿ ಬೆರೆತ ಬಿಸಿ ತೌಡು ಬುಟ್ಟಿಯೊಳಕ್ಕೆ ಸುರಿಯತೊಡಗಿದಾಗ ಅದನ್ನು ಅಂಗೈಯಿಂದ ಒಮ್ಮೆ ಒತ್ತಿ ಸಮಮಾಡಿದಳು.

ಇಂಜಿನ್ನಿನ ಪಕ್ಕದಲ್ಲಿ ನಿಂತಿದ್ದ ಯಮುನ ಗಿರಣಿಯ ಒಡತಿ. ಮಂಗಳೂರಿಗೆ ತಾನೇ ಹೋಗಿ ಯಂತ್ರವನ್ನು ಆರಿಸಿ ತಂದವಳು. ಮೈಸೂರು ಸರಕಾರದ ಹೊಸ ಮೊಹರು ಬಿದ್ದ ಲೈಸೆನ್ಸು ಅವಳ ಹೆಸರಿನಲ್ಲಿಯೇ ಗೋಡೆಯಲ್ಲಿ ತೂಗುತ್ತಿತ್ತು. ಮೊದಲ ಭತ್ತವೂ ಅವಳ ಮನೆಯದೇ. ತೌಡನ್ನು ಹಂದಿ ಸಾಕುವವರಿಗೆ ಮಾರಿ, ಬಂದ ಹಣದಲ್ಲಿ ಇಂಜಿನ್ನಿಗೆ ಎಣ್ಣೆ ತರಿಸುವುದೆಂದು ಅವಳು ನಿಶ್ಚಯಿಸಿದ್ದಳು. ಆದರೆ ಆ ಮನೆಯ ಭತ್ತವನ್ನು ಅದುವರೆಗೆ ಒರಳಿನಲ್ಲಿ ಕುಟ್ಟುತ್ತಿದ್ದವಳು ಲಿಂಗಿ. ಕುಟ್ಟಿದವಳಿಗೆ ತೌಡು ಎಂಬುದು ಊರಿನ ರೂಢಿ.

"ಎಂಥ ಲಿಂಗಿ ಇದು? ಏಳು ಅಲ್ಲಿಂದ!" ಯಮುನ ಇಂಜಿನ್ನಿನ ಸದ್ದನ್ನು ಮೀರಿ ಕೂಗಿದಳು.

"ನನ್ನ ತೌಡು ತಕೊಂಡು ಏಳ್ತೇನೆ, ಅಮ್ಮ."

"ಇವತ್ತು ನೀನು ಕುಟ್ಟಿದ್ಯಾ?"

"ಕುಟ್ಟುಕೆ ನೀವೆಲ್ಲಿ ಬಿಟ್ರಿ?"

"ಕುಟ್ಟಿದ್ದು ಇಂಜಿನ್. ಕುಟ್ಟಿದವರಿಗೆ ತೌಡು ಅಂತ ನೀನೇ ಹೇಳ್ತಿದ್ದಿಯಲ್ಲ?"

"ಹಂಗಾದ್ರೆ ಇಂಜಿನ್ನೇ ತಿನ್ಲಿ. ಬುಟ್ಟಿ ಅದರ ಬಾಯಿಗೆ ಹಿಡೀತೇನೆ. ತಿಂದ್ರೆ ನಾನು ಸುಮ್ಮನೆ ಮನೆಗೆ ಹೋಗ್ತೇನೆ."

ಯಂತ್ರ ನೋಡಲು ನೆರೆದಿದ್ದ ಗಂಡಸರು ಗೊಳ್ಳೆಂದು ನಕ್ಕರು. ಯಮುನ ಇಂಜಿನ್ನನ್ನು ನಿಲ್ಲಿಸಿದಳು. ಒಮ್ಮೆಲೇ ಕವಿದ ನಿಶ್ಶಬ್ದದಲ್ಲಿ ಲಿಂಗಿಯ ದನಿ ತಗ್ಗಿತು. "ನನ್ನ ಭುಜದ ನೋವು ಹೋಯ್ತು, ಅದಕ್ಕೆ ನಿಮಗೆ ಕೈ ಮುಗೀತೇನೆ. ತೌಡೂ ಹೋದ್ರೆ ನನ್ನ ಹಂದಿಮರಿಗೆ ಎಂಥ ಹಾಕ್ಲಿ? ಅದೊಂದು ದೊಡ್ಡದಾದ್ರೆ ಅಲ್ವ, ಅಮ್ಮ, ನನಗೆ ಈ ಮಳೆಗಾಲ ಕಳೆಯುದು?"

ಮುಂದಿನ ಸರದಿಯವನಾದ ನಾಣಯ್ಯ, ಖಾಲಿ ಗೋಣಿಯೊಂದನ್ನು ಹೆಗಲಿಗೆ ಹಾಕಿಕೊಂಡು, ಎರಡು ಹೆಜ್ಜೆ ಮುಂದೆ ಬಂದನು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹಂದಿಗೂಡು ಅವನದು.

"ಕೊಟ್ಟುಬಿಡಿ ಯಮುನಕ್ಕ. ಅಜ್ಜನ ಕಾಲದಿಂದ ಬಂದ ಪದ್ಧತಿ. ಇಂಜಿನ್ ಬಂತು ಅಂತ ಪದ್ಧತಿ ಬಿಡ್ಲಿಕ್ಕಾಗ್ತದಾ?" ಎಂದು ಹೇಳಿ, ಗಂಡಸರ ಕಡೆಗೆ ತಿರುಗಿ ಕಣ್ಣು ಮಿಟುಕಿಸಿದನು. "ಇಲ್ಲದಿದ್ರೆ ಹೇಳಿ, ನಾವೇ ನಾಲ್ಕು ಜನ ಅವಳನ್ನು ಎತ್ತಿ ಆಚೆ ಕೂರಿಸ್ತೇವೆ. ಹೆಂಗಸರಿಗೆ ಇಂಜಿನ್ ಯಾಕೆ ಅಂತ ನಾನು ಆವಾಗ್ಲೇ ಹೇಳಿದ್ದೆ."

ಯಮುನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತೌಡು ಹೋದರೆ ಎಣ್ಣೆಗೆ ಬೇರೆ ದಾರಿ ಹುಡುಕಬೇಕು. ಗಂಡಸರ ನೆರವನ್ನು ಒಮ್ಮೆ ಪಡೆದರೆ ನಾಳೆಯಿಂದ ಗಿರಣಿಯ ಬಾಗಿಲಲ್ಲಿ ಅವರೇ ಕುಳಿತಿರುತ್ತಾರೆ. ಅವಳು ಕೈಯ ಮಸಿಯನ್ನು ಬಟ್ಟೆಯ ಚೂರೊಂದಕ್ಕೆ ಒರೆಸಿಕೊಂಡಳು.

"ಯಾರೂ ಅವಳನ್ನು ಮುಟ್ಟುದು ಬೇಡ. ಎಲ್ಲರೂ ಕೇಳಿ. ಯಾವ ಮನೆಯ ಭತ್ತವೋ, ಆ ಮನೆಯಲ್ಲಿ ಇದುವರೆಗೆ ಕುಟ್ಟಿದವಳಿಗೆ ತೌಡು. ಗಿರಣಿಯ ಕೂಲಿ ಅಕ್ಕಿಯಲ್ಲಿ. ನನ್ನ ಮನೆಗೂ ಅದೇ, ನಿಮ್ಮ ಮನೆಗೂ ಅದೇ. ಪದ್ಧತಿ ಹೇಳಿದವರು ನೀವು, ನಾಣಯ್ಯ. ಒಪ್ಪಿಗೆಯಾ?"

"ಧಾರಾಳ!" ನಾಣಯ್ಯನ ನಗು ಇನ್ನೂ ಅಗಲವಾಯಿತು. "ನಮ್ಮ ಮನೆ ಭತ್ತಕ್ಕೆ ಇವತ್ತಿನವರೆಗೆ ಕೂಲಿಯವಳು ಕೈ ಹಾಕಿದ್ದೇ ಇಲ್ಲ. ನನಗೆಂಥ ನಷ್ಟ? ಚಾಲು ಮಾಡಿ, ಯಮುನಕ್ಕ!"

ಇಂಜಿನ್ ಮತ್ತೆ ಸದ್ದು ಮಾಡತೊಡಗಿತು. ಲಿಂಗಿ ಯಮುನಳ ಮನೆಯ ಭತ್ತ ಮುಗಿಯುವವರೆಗೂ ಕದಲದೆ ಕುಳಿತಿದ್ದು, ಬುಟ್ಟಿ ತುಂಬಿದ ಮೇಲೆ ಅದನ್ನು ತಲೆಗೇರಿಸಿಕೊಂಡು ಹೊರಟುಹೋದಳು. ನಾಣಯ್ಯನ ಭತ್ತದ ಸರದಿ ಬಂತು. ಅದನ್ನು ಮನೆಯಿಂದ ಏರುದಾರಿಯಲ್ಲಿ ಹೊತ್ತು ತಂದವಳು ಅವನ ಹೆಂಡತಿ ಕಮಲ. ಯಂತ್ರದ ಬಾಯಿಗೆ ಸುರಿದವಳೂ ಅವಳೇ. ನಾಣಯ್ಯ ಹೆಗಲ ಮೇಲಿನ ಗೋಣಿಯನ್ನು ಕೊಡವಿ, ಬಾಯಿ ಬಿಡಿಸಿ, ಕಿಂಡಿಯ ಕಡೆಗೆ ಬಗ್ಗಿದನು. ಭತ್ತ ಹೊತ್ತು ತಂದಿದ್ದ ಬುಟ್ಟಿ ಅಲ್ಲಿ ಆಗಲೇ ಇತ್ತು. ಬುಟ್ಟಿಯ ಹಿಂದೆ, ಕಾಲು ಮಡಚಿಕೊಂಡು, ಕಮಲ ಕುಳಿತಿದ್ದಳು.

"ಏ, ಇದೆಂಥದು? ಸರಿ ಆಚೆ. ಗೋಣಿ ಹಿಡಿ."

"ಗೋಣಿ ಬೇಡ. ಇದರಲ್ಲೇ ಹಿಡೀತದೆ."

"ತೌಡು ನಮ್ಮದೇ ಅಲ್ವ ಮಾರಾಯ್ತಿ, ಯಾವುದರಲ್ಲಿ ಹಿಡಿದ್ರೇನು ಅಂತಲಾ?"

"ನಮ್ಮದಲ್ಲ," ಎಂದಳು ಕಮಲ. "ಮದುವೆಯಾಗಿ ಬಂದಲ್ಲಿಂದ ನಿಮ್ಮ ಮನೆಯಲ್ಲಿ ಕುಟ್ಟಿದ್ದು ಯಾರು?"

ಗಂಡಸರಲ್ಲಿ ಒಬ್ಬನಿಗೆ ಕೆಮ್ಮು ಬಂತು. ನಾಣಯ್ಯ ಯಮುನಳ ಮುಖ ನೋಡಿದನು. ಅವಳು ಬೆಲ್ಟಿನ ಕಡೆಗೆ ಬಾಗಿ ಏನನ್ನೋ ಪರೀಕ್ಷಿಸುವುದರಲ್ಲಿ ತೊಡಗಿದ್ದಳು. ಹೆಂಡತಿಗೆ ಮಾತ್ರ ಕೇಳುವಂತೆ ಮಾತಾಡಬೇಕೆಂಬುದು ಅವನ ಇಚ್ಛೆಯಾಗಿದ್ದಿರಬಹುದು. ಆದರೆ ಆ ಇಂಜಿನ್ನಿನ ಸದ್ದಿನಲ್ಲಿ ಪಿಸುಮಾತಿಗೆ ಅವಕಾಶವಿರಲಿಲ್ಲ. ಊರಿಗೆಲ್ಲ ಕೇಳುವಂತೆಯೇ ಅವನು ಕೂಗಬೇಕಾಯಿತು.

"ಹಂಗಾದ್ರೆ ನನ್ನ ಹಂದಿಗಳಿಗೆ ಎಂಥ ಹಾಕುದು?"

ಕಮಲ ತುಂಬುತ್ತಿದ್ದ ತೌಡನ್ನು ಅಂಗೈಯಿಂದ ಅದುಮಿದಳು.

"ಕ್ರಯ ಕೊಡಿ," ಎಂದು ಅವಳೂ ಅಷ್ಟೇ ಎತ್ತರದ ದನಿಯಲ್ಲಿ ಹೇಳಿದಳು. "ಬೇರೆಯವರು ಬಂದು ಕೇಳುವ ಮೊದಲು ನಿಮಗೇ ಕೊಡ್ತೇನೆ."